ವುನಿವೇಸಿ ಗೇಟಿನ ನಾಲ್ಕು ಬೀಗ

ವುನಿವೇಸಿ ಊರಿನ ರಗ್ಬಿ ಸಂಘದವರು ಈ ವರ್ಷ ಒಂದು ಸ್ಮರಣ ಸಂಚಿಕೆ ತಂದಿದ್ದಾರೆ. ಹನ್ನೊಂದನೇ ಪುಟದಲ್ಲಿ ಸಂಘದ ಕಾರ್ಯದರ್ಶಿ ಎಪರಾಮನ ಫೋಟೋ ಇದೆ. ಮೈದಾನದ ಗೇಟನ್ನು ಒಂದು ಕೈಯಲ್ಲಿ ಹಿಡಿದು, ಒಳಗೆ ಬನ್ನಿ ಎನ್ನುವ ಹಾಗೆ ನಿಂತಿದ್ದಾನೆ. ಕೆಳಗೆ, ‘ನಮ್ಮ ಹೆಣ್ಣುಮಕ್ಕಳಿಗೆ ಮೈದಾನದ ಬಾಗಿಲು ತೆರೆದುಕೊಟ್ಟ ಮಹನೀಯರು’ ಎಂದು ಅಚ್ಚಾಗಿದೆ. ಈ ಸಂಚಿಕೆಗೆ ನನ್ನ ಅಂಗಡಿಯ ಜಾಹೀರಾತನ್ನೂ ಕೊಟ್ಟಿದ್ದೇನೆ, ಅದು ಎದುರಿನ ಹತ್ತನೇ ಪುಟದಲ್ಲಿದೆ. ಸಂಚಿಕೆ ಮಡಚಿದರೆ ನಾನೂ ಆ ಸುಳ್ಳೂ ಮುಖಕ್ಕೆ ಮುಖ ಕೊಟ್ಟುಕೊಂಡು ಮಲಗುತ್ತೇವೆ. ಅದನ್ನು ನನಗೆ ಸಹಿಸಲಾಗುತ್ತಿಲ್ಲ. ಅದಕ್ಕೇ ಅಕಾನಿಸಿಯ ಕತೆ ಬರೆಯುತ್ತಿದ್ದೇನೆ.

ನಾನು ನೌಸೋರಿಯಲ್ಲಿ ಮೂರನೇ ತಲೆಮಾರಿನ ಅಂಗಡಿಯವನು. ಅಜ್ಜ ಸೂರತ್ತಿನಿಂದ ಬಟ್ಟೆಯ ಗಂಟು ಹೊತ್ತು ಫಿಜಿಗೆ ಬಂದ. ಈಗ ಅದೇ ಅಂಗಡಿಯಲ್ಲಿ ಬಟ್ಟೆ, ಬಣ್ಣ, ಬೀಗ, ಆಟದ ಬೂಟು, ಗೆದ್ದವರಿಗೆ ಕೊಡುವ ಕಪ್ಪು, ಫಲಕ ಎಲ್ಲ ಸಿಗುತ್ತವೆ. ಒಳಗಿನ ಕಪಾಟಿನಲ್ಲಿ ನಾಲ್ಕೈದು ತಂಬುವಾ ಕೂಡ ಇಟ್ಟಿರುತ್ತೇನೆ. ತಂಬುವಾ ಅಂದರೆ ತಿಮಿಂಗಿಲದ ಹಲ್ಲು. ಇಲ್ಲಿ ಹೆಣ್ಣು ಕೇಳಲು ಹೋಗುವವರಿಗೂ ತಪ್ಪೊಪ್ಪಿಕೊಳ್ಳಲು ಹೋಗುವವರಿಗೂ ಅದಿಲ್ಲದೆ ನಡೆಯದು. ಎರಡನೆಯ ಜಾತಿಯ ಗಿರಾಕಿಗಳು ಬೆಲೆ ಚೌಕಾಸಿ ಮಾಡುವುದಿಲ್ಲ.

ಅಕಾನಿಸಿಯ ಊರು ನಾತೋಗ, ನಮ್ಮ ಪೇಟೆಯಿಂದ ರೇವಾ ಹೊಳೆಯ ಮೇಲಕ್ಕೆ ಎರಡು ಮೈಲಿ. ಅವಳ ಕಸುಬು ಮರುವಾಯಿ, ಅಂದರೆ ತಿನ್ನುವ ಕಪ್ಪೆಚಿಪ್ಪು, ಹೆಕ್ಕುವುದು. ಎದೆಮಟ್ಟದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಕೆಸರು ತಡವುತ್ತಾಳೆ. ಚಿಪ್ಪು ತಾಗಿದರೆ ಮುಳುಗಿ ಹೆಕ್ಕುತ್ತಾಳೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತೇಲುವ ಪ್ಲಾಸ್ಟಿಕ್ ಟಬ್ಬು. ಅವಳ ತಾಯಿಯೂ ಇದನ್ನೇ ಮಾಡಿದವಳು. ದಿನಕ್ಕೆ ನೂರು ಸಲ ಉಸಿರು ಬಿಗಿಹಿಡಿದು ಬೆಳೆದ ಹುಡುಗಿಗೆ ಏಳು ನಿಮಿಷದ ಓಟ ಯಾವ ಲೆಕ್ಕ. ಏಳೇಳು ಮಂದಿ ಆಡುವ ಸೆವೆನ್ಸ್ ರಗ್ಬಿಯಲ್ಲಿ ಕಡೆಗೆ ಉಳಿಯುವುದು ಉಸಿರೇ ಅಲ್ಲವೆ. ಶನಿವಾರ ಸಂತೆಯಲ್ಲಿ ಮರುವಾಯಿಯ ಗುಡ್ಡೆಗಳ ಹಿಂದೆ ಕೂತವಳನ್ನು ನೋಡಿದರೆ ಯಾರೂ ಆಟಗಾರ್ತಿ ಎನ್ನರು. ಒಂದು ಸಲ ಜೇಬುಗಳ್ಳನೊಬ್ಬ ಓಡಿದಾಗ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಮೊಣಕಾಲಿಗೆ ಹೆಗಲು ಕೊಟ್ಟು ಕೆಡವಿ, ಎದ್ದು ಬಂದು ಚಿಲ್ಲರೆ ಕೊಟ್ಟಳು. ಪೇಟೆಗೆ ಗೊತ್ತಾದದ್ದು ಆವತ್ತು.

ಆ ವರ್ಷ ಅವಳಿಗೆ ಇಪ್ಪತ್ತೊಂಬತ್ತು. ಡಿಸೆಂಬರಿನಿಂದ ಜೂನಿನವರೆಗೆ ದೇಶ ದೇಶ ಸುತ್ತುವ ಸೆವೆನ್ಸ್ ಋತುವಿಗೆ ಗಂಡಸರ ತಂಡದ ಜೊತೆಗೇ ಹೆಂಗಸರ ತಂಡವೂ ಹೊರಡುತ್ತದೆ. ಒಂದೇ ಊರು, ಒಂದೇ ಮೈದಾನ, ಒಂದೇ ದಿನ. ಹೆಂಗಸರ ತಂಡಕ್ಕೆ ಆರಿಸುವವರು ಅಕ್ಟೋಬರಿನ ಎರಡನೇ ಶನಿವಾರ ನೌಸೋರಿಗೆ ಬರುವವರಿದ್ದರು. ಅಕಾನಿಸಿ ಹದಿನಾಲ್ಕು ಹೆಂಗಸರನ್ನು ಕಟ್ಟಿಕೊಂಡು ತಯಾರಿ ಶುರುಮಾಡಿದ್ದಳು. ಮುಂದಿನ ವರ್ಷ ತನ್ನನ್ನು ಯಾರೂ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇದೊಂದೇ ಬಾಗಿಲು, ಅದೂ ಹತ್ತು ವಾರದ್ದು.

ಸುತ್ತಮುತ್ತ ಸರಿಯಾದ ಮೈದಾನ ಇರುವುದು ವುನಿವೇಸಿಯಲ್ಲಿ ಮಾತ್ರ. ಆಗಸ್ಟಿನ ಮೊದಲ ವಾರ ಎಪರಾಮ ನನ್ನ ಅಂಗಡಿಗೆ ಬಂದು ಗಟ್ಟಿಯಾದ ಬೀಗ ಬೇಕೆಂದ. ಯಾಕೆ ಎಂದು ಕೇಳಿದೆ. ನವೆಂಬರಿನಲ್ಲಿ ಹೊರದೇಶದ ಗಂಡಸರ ತಂಡವೊಂದು ಅಭ್ಯಾಸಕ್ಕೆ ಬರುತ್ತದೆ, ಅಲ್ಲಿಯವರೆಗೆ ಹುಲ್ಲಿಗೆ ವಿಶ್ರಾಂತಿ ಬೇಕು ಎಂದ. ನಾನು ಚಿಕ್ಕದು ಬೇಡ, ದೊಡ್ಡದೇ ತಗೊಳ್ಳಿ, ತುಕ್ಕು ಹಿಡಿಯುವುದಿಲ್ಲ ಎಂದು ಶಿಫಾರಸು ಮಾಡಿದೆ. ಈ ಕತೆಯಲ್ಲಿ ನನ್ನ ಪಾತ್ರ ಅಷ್ಟು ಸೊಗಸಾಗಿ ಶುರುವಾಯಿತು.

ಆ ಹುಲ್ಲಿನ ವಿಶ್ರಾಂತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ಐದಕ್ಕೆ ಎಪರಾಮನೇ ಬೀಗ ತೆಗೆಯುತ್ತಿದ್ದ. ಊರಿನ ಗಂಡಸರು ಬರಿಗಾಲಲ್ಲಿ ಅರೆಮನಸ್ಸಿನ ಆಟ ಆಡಿ, ನಗುತ್ತ ಯಂಗೋನ ಎನ್ನುವ ಮತ್ತಿನ ಬೇರಿನ ಪಾನಕ ಕುಡಿಯಲು ಹೋಗುತ್ತಿದ್ದರು. ಬೆಳಿಗ್ಗೆ ಅವನ ತಮ್ಮನ ಕುದುರೆ ಒಳಗೆ ಮೇಯುತ್ತಿತ್ತು. ಗಂಡಸರು ತುಳಿದರೆ, ಕುದುರೆ ತುಳಿದರೆ ಆ ಹುಲ್ಲಿಗೆ ನೋಯುತ್ತಿರಲಿಲ್ಲ. ಹದಿನಾಲ್ಕು ಹೆಂಗಸರ ಕಾಲು ಬಿದ್ದರೆ ಮಾತ್ರ ಸಾಯುತ್ತಿತ್ತು. ಎಂಥ ಸೂಕ್ಷ್ಮ ಹುಲ್ಲು ನೋಡಿ.

ಹೆಂಗಸರು ಹೊಳೆಯ ಮಧ್ಯದ ಮರಳು ದಿಬ್ಬಕ್ಕೆ ಹೋದರು. ಸಮುದ್ರದ ಇಳಿತ ಇದ್ದಾಗ ಎರಡು ಗಂಟೆ ಅದು ನೀರಿನಿಂದ ಮೇಲೇಳುತ್ತದೆ, ಆಮೇಲೆ ಮುಳುಗುತ್ತದೆ. ದಿನಕ್ಕೊಂದು ಹೊತ್ತು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಹೊಳೆ ಹೇಳಿದ ಹೊತ್ತಿಗೆ ಓಡಬೇಕು. ಎರಡನೇ ವಾರ ಒಬ್ಬಳ ಅಂಗಾಲು ಚಿಪ್ಪಿಗೆ ಸೀಳಿ ಆರು ಹೊಲಿಗೆ ಬಿತ್ತು. ಮಾರನೇ ಮಧ್ಯಾಹ್ನ ಉಳಿದ ಹದಿಮೂರು ಮಂದಿ ಸಂತೆಯಿಂದ ನೇರ ವುನಿವೇಸಿಗೆ ಹೋಗಿ ಬೇಲಿ ಹಾರಿದರು.

ಎಪರಾಮ ನಾಲ್ಕು ಗಂಡಸರನ್ನು ಕರೆದುಕೊಂಡು ಬಂದ. ಬೇಲಿಯ ಹೊರಗೆ ಅಕಾನಿಸಿ ಇಟ್ಟಿದ್ದ ಮರುವಾಯಿಯ ಬಕೆಟ್ಟನ್ನು ಕಾಲಿನಿಂದ ಒದ್ದು ಉರುಳಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನಿಂದು ಕೆಸರು. ಹೋಗಿ ಅಲ್ಲೇ ಬಿದ್ದಿರು.”

ಅವಳು ಒಂದೊಂದೇ ಚಿಪ್ಪು ಹೆಕ್ಕಿ ಬಕೆಟ್ಟಿಗೆ ಹಾಕಿಕೊಂಡಳಂತೆ.

ಇಲ್ಲೊಂದು ವಿಷಯ ಹೇಳಬೇಕು. ವುನಿವೇಸಿ ಅವಳ ತಾಯಿಯ ತವರು. ಎಪರಾಮ ಅವಳ ತಾಯಿಗೆ ಚಿಕ್ಕಪ್ಪನ ಮಗ, ಅಂದರೆ ಇವಳಿಗೆ ಸೋದರಮಾವ. ಹೆಣ್ಣುಮಗಳ ಮಕ್ಕಳನ್ನು ತವರಿನವರು ವಸು ಎನ್ನುತ್ತಾರೆ. ತಲೆಯ ಮೇಲೆ ಹೊತ್ತು ತಿರುಗದಿದ್ದರೆ ಪುಣ್ಯ, ಅಷ್ಟು ಮರ್ಯಾದೆ. ವಸುವಿನ ಬಕೆಟ್ಟು ಒದ್ದ ಮಾವನ ಸುದ್ದಿ ಮಾರನೇ ಬೆಳಿಗ್ಗೆಯೊಳಗೆ ಹೊಳೆಯ ಎರಡೂ ದಡ ಮುಟ್ಟಿತು. ಮೂರನೇ ದಿನ ಎಪರಾಮ ಮತ್ತೆ ನನ್ನ ಅಂಗಡಿಗೆ ಬಂದ. ಈ ಸಲ ತಂಬುವಾ ಬೇಕಿತ್ತು. ಚೌಕಾಸಿ ಮಾಡಲಿಲ್ಲ.

ಬೀಗವೂ ನನ್ನದೇ, ಹಲ್ಲೂ ನನ್ನದೇ. ಹಾಗಾಗಿ ನಾತೋಗದ ಸಭಾಮನೆಯಲ್ಲಿ ಆವತ್ತು ನಾನೂ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಎಪರಾಮ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹಲ್ಲು ಹಿಡಿದು, ದನಿ ನಡುಗಿಸಿ ಕ್ಷಮೆ ಕೇಳಿದ. ಚೆನ್ನಾಗಿ ಕೇಳಿದ, ಸುಳ್ಳು ಹೇಳಬಾರದು. ಅಕಾನಿಸಿಯ ದೊಡ್ಡಪ್ಪ ಹಲ್ಲು ತೆಗೆದುಕೊಂಡು ಮೂಗಿಗೆ ಮುಟ್ಟಿಸಿ, ಆದದ್ದನ್ನು ಮಣ್ಣಿನಲ್ಲಿ ಹೂತೆವು ಎಂದರು. ಗಂಡಸರು ಕೈ ಕೂಡಿಸಿ ಮೂರು ಸಲ ತಟ್ಟಿದರು. ಇಷ್ಟೂ ಹೊತ್ತು ಅಕಾನಿಸಿ ಎಲ್ಲಿದ್ದಳು? ಬಾಗಿಲ ಹತ್ತಿರ, ಹೆಂಗಸರು ಕೂರುವ ಕಡೆ. ಅವಳಿಗೆ ಆದ ಅವಮಾನಕ್ಕೆ ಬಂದ ಹಲ್ಲು ಅವಳ ಕೈಗೆ ಬರಲಿಲ್ಲ. ಅವಳ ಕೈಗೆ ಬಂದದ್ದು ಚಹಾದ ತಟ್ಟೆ, ಅದನ್ನು ಎಪರಾಮನಿಗೂ ಹಿಡಿದಳು.

ಎಲ್ಲ ಮುಗಿದ ಮೇಲೆ ದೊಡ್ಡಪ್ಪನ ಪಕ್ಕ ಕೂತು ಮೆಲ್ಲಗೆ ಕೇಳಿದಳು. “ದೊಡ್ಡಪ್ಪ, ಗೇಟು?”

“ಹಲ್ಲು ತಗೊಂಡಾಯ್ತಲ್ಲ ಮಗಾ. ಇನ್ನು ಆ ಮಾತು ಎತ್ತಬಾರ್ದು.”

ಗೇಟಿನ ಮಾತು ಅಲ್ಲಿ ಯಾರೂ ಎತ್ತಿರಲೇ ಇಲ್ಲ. ಎತ್ತದ ಮಾತನ್ನೂ ಸೇರಿಸಿ ಹೂತುಬಿಟ್ಟಿದ್ದರು.

ವಾಪಸು ಬರುವಾಗ ಅವಳು ರಸ್ತೆಯವರೆಗೆ ನನ್ನ ಜೊತೆ ನಡೆದಳು. ಅರ್ಧ ದಾರಿಯಲ್ಲಿ ಹೇಳಿದಳು: “ಶೇಟ್ರೇ, ಬೈದದ್ದಕ್ಕೆ ಹಲ್ಲು ತಂದ್ರು. ಗೇಟು ಮುಚ್ಚಿದ್ದಕ್ಕೆ ಏನು ತಂದ್ರು?”

ನನಗೆ ಮಾತ್ರ ಎರಡರಿಂದಲೂ ವ್ಯಾಪಾರ ಚೆನ್ನಾಗಿತ್ತು.

ನಾಲ್ಕು ದಿನ ಬಿಟ್ಟು ಅಂಗಡಿಗೆ ಬಂದು, ಗೋಡೆಗೆ ತೂಗುಹಾಕಿದ್ದ ಬೀಗಗಳನ್ನು ನೋಡುತ್ತ ನಿಂತಳು. ಗೇಟಿಗೆ ಹಾಕಿದ್ದು ಇಂಥದ್ದೇನಾ ಎಂದು ಕೇಳಿದಳು. ಹೌದು ಎಂದೆ. ಬಿಲ್ಲು ಯಾರ ಹೆಸರಿಗೆ ಎಂದು ಕೇಳಿದಳು. ಸಂಘದ ಹೆಸರಿಗೆ ಎಂದೆ.

“ಅಂದ್ರೆ ವುನಿವೇಸಿದೇ ಆಯ್ತು,” ಎಂದಳು. ನಾನು ಬೀಗ ತೆಗೆದು ಮುಂದಿಟ್ಟೆ. ನಕ್ಕಳು. “ಕೊಳ್ಳೋಕೆ ಬಂದಿಲ್ಲ ಶೇಟ್ರೇ, ಗುರುತು ಹಿಡಿಯೋಕೆ ಬಂದೆ.”

ಆ ಶನಿವಾರ ಸಂಜೆ ವುನಿವೇಸಿಯ ಹಿರಿಯ ತನಿಯೇಲನ ಮನೆಯಲ್ಲಿ ಗಂಡಸರು ಯಂಗೋನದ ಬೋಗುಣಿಯ ಸುತ್ತ ಕೂತಿದ್ದರು. ತನಿಯೇಲ ಅವಳ ತಾಯಿಯ ಒಡಹುಟ್ಟಿದ ಅಣ್ಣ, ಎಪ್ಪತ್ತು ದಾಟಿದವನು. ಅಕಾನಿಸಿ ಒಳಗೆ ಬಂದು ಬಾಗಿಲ ಹತ್ತಿರ ಕೂರಲಿಲ್ಲ. ಸೀದಾ ಮೇಲಿನ ತುದಿಗೆ ಹೋಗಿ ಮಾವನ ಮಗ್ಗುಲಿಗೆ ಕೂತಳು. ವಸುವಿಗೆ ಅದು ಸಲ್ಲುತ್ತದೆ. ಆಮೇಲೆ ನಡೆದದ್ದನ್ನು ತನಿಯೇಲ ನನಗೆ ಕೌಂಟರಿಗೆ ಒರಗಿ ಕನಿಷ್ಠ ನಾಲ್ಕು ಸಲ ಹೇಳಿದ್ದಾನೆ, ನಾಲ್ಕು ಸಲವೂ ಒಂದೇ ತರ. ಹಾಗಾಗಿ ನಿಜವೇ ಇರಬೇಕು.

“ಮಾವ, ನಂಗೊಂದು ಬೇಕು,” ಎಂದಳು.

ವಸು ಹಾಗೆ ಹೇಳಿದರೆ ತವರಿನವರು ಇಲ್ಲ ಎನ್ನುವಂತಿಲ್ಲ. ಹಂದಿಯೋ ಚಾಪೆಯೋ ದೋಣಿಯೋ, ಬೆರಳು ತೋರಿಸಿದರೆ ಮುಗಿಯಿತು. ಹಿಂದೊಮ್ಮೆ ಒಬ್ಬ ವಸು ಇಗರ್ಜಿಯ ದೋಣಿಯ ಇಂಜಿನ್ನನ್ನೇ ಹೊತ್ತುಕೊಂಡು ಹೋಗಿದ್ದನಂತೆ. ಪಾದ್ರಿ ಆರು ತಿಂಗಳು ಹುಟ್ಟು ಹಾಕಿದ್ದರಂತೆ. ತನಿಯೇಲನ ಕಣ್ಣು ಹಿತ್ತಲಿನ ದೊಡ್ಡ ಹಂದಿಯ ಕಡೆ ಹೋಯಿತು.

“ಹಂದಿ ಇರ್ಲಿ ಬಿಡಿ ಮಾವ. ಗೇಟಿನ ಬೀಗ ಕೊಡಿ, ಸಾಕು.”

ಎಪರಾಮ ಬಾಯಿ ಹಾಕಿದ. ಅದು ಸಂಘದ ಸೊತ್ತು, ಮನೆಯದ್ದಲ್ಲ ಎಂದ.

ತನಿಯೇಲ ತೆಂಗಿನ ಕರಟದಲ್ಲಿದ್ದದ್ದನ್ನು ನಿಧಾನಕ್ಕೆ ಕುಡಿದು ಮುಗಿಸಿದ. “ಸಂಘ ಯಾರ್ದೋ? ಅವ್ಳು ಕೇಳಿದ್ದು ಬೀಗ. ಮೈದಾನ ಕೇಳಿಲ್ಲ, ನಿನ್ನ ಹುಲ್ಲು ಕೇಳಿಲ್ಲ. ಹೋಗಿ ಬಿಚ್ಕೊಂಡು ಬಾ.”

ಎಪರಾಮನೇ ಹೋಗಿ ತಂದು, ಕೀಲಿಕೈ ಸಮೇತ ಅವಳ ಮಡಿಲಿಗೆ ಹಾಕಿದ. ಸೋಮವಾರ ಬರುವುದನ್ನೇ ಕಾದು ನನ್ನ ಅಂಗಡಿಗೆ ಬಂದು ಇನ್ನೊಂದು ಬೀಗ ಕೊಂಡ. ನಾನು ಕೊಟ್ಟೆ. ಕೊಡಬಾರದಿತ್ತು, ಆದರೆ ಕೊಟ್ಟೆ. ಬುಧವಾರ ಅಕಾನಿಸಿ ಚೊಕ್ಕ ಬಟ್ಟೆ ತೊಟ್ಟು ಮಾವನ ಮನೆಗೆ ಹೋಗಿ ಕೂತಳು. “ಮಾವ, ನಂಗೊಂದು ಬೇಕು.” ಮುಂದಿನ ವಾರ ಮೂರನೆಯದು. ಅದರ ಮುಂದಿನ ವಾರ ನಾಲ್ಕನೆಯದು, ಹಿತ್ತಾಳೆಯದು. ಅವಳು ಒಮ್ಮೆಯೂ ದನಿ ಎತ್ತಲಿಲ್ಲ. ಹೋದಾಗಲೆಲ್ಲ ಮಾವಂದಿರಿಗೆ ಬೇಯಿಸಿದ ಮರುವಾಯಿ ಒಯ್ದಳು. ಅಷ್ಟರಲ್ಲಿ ವುನಿವೇಸಿಯ ಹೆಂಗಸರು ಎಪರಾಮನನ್ನು ಕಂಡರೆ ಇವತ್ತು ಯಾವ ಸೈಜು ಎಂದು ಕೇಳತೊಡಗಿದ್ದರು. ಹಿರಿಯರು ಕೂಡಿ ಇನ್ನು ಬೀಗಕ್ಕೆ ಸಂಘದ ದುಡ್ಡು ಹಾಳುಮಾಡಬಾರದು ಎಂದು ತೀರ್ಮಾನಿಸಿದರು. ಗಮನಿಸಿ, ಗೇಟು ತೆರೆಯಬೇಕು ಎಂದು ತೀರ್ಮಾನಿಸಲಿಲ್ಲ. ಬೀಗ ದುಬಾರಿ ಎಂದು ತೀರ್ಮಾನಿಸಿದರು. ಗೇಟು ತಾನಾಗಿ ತೆರೆದೇ ಉಳಿಯಿತು.

ಅಷ್ಟು ಹೊತ್ತಿಗೆ ಹತ್ತರಲ್ಲಿ ಐದು ವಾರ ಹೋಗಿತ್ತು. ಉಳಿದ ಐದು ವಾರ ಅವರು ಆಡಿದ್ದನ್ನು ನೋಡಬೇಕಿತ್ತು. ಬೆಳಿಗ್ಗೆ ಐದಕ್ಕೆ ಒಂದು ಸಲ, ಸಂಜೆ ಒಂದು ಸಲ. ಹೊಲಿಗೆ ಬಿಚ್ಚಿದವಳೂ ಬಂದಳು. ಕುದುರೆ ಮಾತ್ರ ಬೇರೆ ಕಡೆ ಮೇಯಬೇಕಾಯಿತು, ಅದರ ಬಗ್ಗೆ ನನಗೆ ವಿಷಾದವಿದೆ.

ಅಕ್ಟೋಬರಿನಲ್ಲಿ ಹದಿನಾಲ್ಕರಲ್ಲಿ ಇಬ್ಬರನ್ನು ಆರಿಸಿದರು. ವಾನಿ ಎನ್ನುವ ಹತ್ತೊಂಬತ್ತರ ಹುಡುಗಿ ಮತ್ತು ಅಕಾನಿಸಿ. ಅಕಾನಿಸಿ ಆ ಋತುವಿನಲ್ಲಿ ದುಬೈಯಿಂದ ಹಾಂಗ್‌ಕಾಂಗಿನವರೆಗೆ ಎಲ್ಲ ಕಡೆ ಹೋದಳು. ಬಹಳ ಹೊತ್ತು ಬೆಂಚಿನ ಮೇಲಿದ್ದಳು, ಆಟದ ಕೊನೆಯಲ್ಲಿ ಬೇರೆಯವರ ಉಸಿರು ಮುಗಿದಾಗ ಇಳಿಯುತ್ತಿದ್ದಳು. ನಾತೋಗದ ಸಭಾಮನೆಯ ಟೀವಿಯ ಮುಂದೆ ಗಂಡಸರ ಆಟಕ್ಕೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೆಂಗಸರ ಆಟಕ್ಕೆ ಮೊದಮೊದಲು ಅವಳ ತಾಯಿ, ನಾಲ್ಕು ಹೆಂಗಸರು, ನಾನು. ಕೇಪ್‌ಟೌನಿನಲ್ಲಿ ಅವಳು ಕೊನೇ ನಿಮಿಷದಲ್ಲಿ ತನಗಿಂತ ಒಂದೂವರೆ ಪಾಲು ದಪ್ಪದವಳನ್ನು ಗೆರೆಯ ಮೇಲೆ ಕೆಡವಿದಳು. ಆವತ್ತಿನಿಂದ ದೊಡ್ಡಪ್ಪನೂ ಬರತೊಡಗಿದರು. ಹೊಟ್ಟೆ ಉಬ್ಬರ, ನಿದ್ದೆ ಬರಲ್ಲ, ಅದಕ್ಕೆ ಬಂದೆ ಎಂದರು.

ಜುಲೈಯಲ್ಲಿ ಸಂಘದ ಸಮಾರಂಭ. ಆಗಲೇ ಆ ಸಂಚಿಕೆ ಹೊರಬಂದದ್ದು, ಆಗಲೇ ಎಪರಾಮನಿಗೆ ‘ಹೆಂಗಸರ ಆಟದ ಪೋಷಕ’ ಎಂದು ಕೆತ್ತಿದ ಮರದ ಫಲಕ ಕೊಟ್ಟದ್ದು. ಅಕಾನಿಸಿ ಮತ್ತು ವಾನಿಯನ್ನು ವೇದಿಕೆಗೆ ಕರೆದರು, ಪ್ರಾರ್ಥನಾಗೀತೆ ಹಾಡಲಿಕ್ಕೆ. ಹಾಡಿದರು. ನನ್ನ ಪಕ್ಕ ಕೂತಿದ್ದ ತನಿಯೇಲ ನೆಲ ನೋಡುತ್ತಿದ್ದ. ನಾನೂ ನೋಡಿದೆ, ಯಾಕೆಂದರೆ ಆ ಫಲಕವೂ ನನ್ನ ಅಂಗಡಿಯದ್ದೇ.

ಮುಂದಿನ ಭಾನುವಾರ ಇಗರ್ಜಿ ಮುಗಿಸಿ ಅಕಾನಿಸಿ ಎಪರಾಮನ ಮನೆಗೆ ಹೋದಳು. ಮರಗೆಣಸು, ತೆಂಗಿನ ಹಾಲಿನ ಮೀನು ಊಟ ಮಾಡಿದಳು, ಅತ್ತೆಯ ಅಡುಗೆ ಹೊಗಳಿದಳು. ಕೈ ತೊಳೆದು ಬಂದು ಗೋಡೆ ನೋಡಿದಳು.

“ಮಾವ, ನಂಗೊಂದು ಬೇಕು.”

ಅವನಿಗೆ ಅರ್ಥವಾಯಿತು. “ಅದ್ರ ಮೇಲೆ ನನ್ನ ಹೆಸರಿದೆ ಕಣೇ.”

“ನಂಗೂ ಓದೋಕೆ ಬರತ್ತೆ ಮಾವ. ಹೆಸರು ನೀವೇ ಇಟ್ಕೊಳ್ಳಿ. ಹಲಗೆ ನಂಗೆ.”

ಅವನ ಹೆಂಡತಿಯೇ ಮೊಳೆಯಿಂದ ಇಳಿಸಿಕೊಟ್ಟಳಂತೆ. ಈಗ ಅದು ವುನಿವೇಸಿ ಮೈದಾನದ ಗೇಟಿನ ಕಂಬದಲ್ಲಿ, ಮೊದಲು ಬೀಗ ಇದ್ದ ಜಾಗದಲ್ಲಿ, ಹಿಂದುಮುಂದಾಗಿ ನೇತಾಡುತ್ತಿದೆ. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಹೆಸರುಗಳಿವೆ. ನಾಲ್ಕು ಬೀಗಗಳನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದಾಳೆ. ಅವಳು ನೀರಿನೊಳಗೆ ಇರುವಾಗ ಮರುವಾಯಿಯ ಟಬ್ಬು ತೇಲಿಹೋಗದಂತೆ ಹಿಡಿದಿಡಲು ಆ ಭಾರ ಸರಿಹೋಗುತ್ತದಂತೆ.

ಫಲಕ ಕೈಬಿಟ್ಟ ಮರುದಿನವೇ ಎಪರಾಮ ನನ್ನ ಅಂಗಡಿಗೆ ಬಂದ. ಗೋಡೆಯ ಮೇಲೆ ಮೊಳೆ ಬರಿದಾಗಿ ಕಾಣುತ್ತದೆ, ಅಂಥದ್ದೇ ಇನ್ನೊಂದು ಫಲಕ ಬೇಕು, ಅಕ್ಷರವೂ ಅದೇ ಇರಲಿ ಎಂದ. ನನ್ನ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಅಂಥವು ಆರು ಇದ್ದವು.

“ಸ್ಟಾಕಿಲ್ಲ,” ಎಂದೆ.

ಅವನು ಕಪಾಟಿನ ಕಡೆ ನೋಡಿದ. ನಾನು ತಿರುಗಿ ನೋಡಲಿಲ್ಲ.