ಒಂದೇ ಕಾಲು ಬೆಳ್ಳಗಾದ ಪ್ಯಾಂಟು

ವಾಷಿಂಗ್ ಮಾಸ್ಟರ ಉಗುರುಗಳು ನೀಲಿಯಾಗಿದ್ದವು. ಜೀನ್ಸ್ ಬಟ್ಟೆಯ ಬಣ್ಣ ಹತ್ತೂ ಬೆರಳಿಗೆ ಹತ್ತಿಕೊಂಡಿತ್ತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಬಿಳಿ ಅನ್ನದ ಮೇಲೆ ಆ ಬೆರಳುಗಳು ಎದ್ದು ಕಾಣುತ್ತಿದ್ದವು. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ, "ಅಂಕಲ್, ಡಿಡ್ ಯು ಪೇಂಟ್ ದೆಮ್?" ಎಂದು ಕೇಳಿದ್ದಳು. "ಹೂನವ್ವ, ನಮ್ಮ ಬಳ್ಳಾರ್ಯಾಗ ಗಂಡಸ್ರು ಹಿಂಗ ಹಚ್ಕೋತಾರ" ಎಂದು ಅವರು ನಗದೇ ಹೇಳಿದರು. ಅವಳು ಬಹಳ ದಿನ ಅದನ್ನು ನಂಬಿದ್ದಳು.

ಜೀನ್ಸ್ ತೊಳೆಯುವ ಕಸುಬನ್ನು ಅವರು ಬಳ್ಳಾರಿಯಲ್ಲಿ ಕಲಿತು, ನೈರೋಬಿಯ ಹೊರವಲಯದ ಒಂದು ರಫ್ತು ಕಾರ್ಖಾನೆಗೆ ಬಂದಿದ್ದರು. ನನ್ನ ಯಜಮಾನರು ಅಲ್ಲೇ ಕಂಪ್ರೆಸರ್ ಮೆಕ್ಯಾನಿಕ್. ನ್ಗಾರಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನಮ್ಮದು ಎರಡನೇ ಮಹಡಿ, ಮಾಸ್ಟರದು ಮೂರನೆಯದು. ಹೆಂಡತಿ ತೀರಿಕೊಂಡಿದ್ದರಿಂದ ಅವರು ಒಬ್ಬರೇ ಇದ್ದರು. ಭಾನುವಾರದ ಊಟ ನಮ್ಮಲ್ಲಿ.

ಮಟಾಟು ಎಂಬ ಇಲ್ಲಿಯ ಬಾಡಿಗೆ ವ್ಯಾನಿನಲ್ಲಿ ಕೂತರೆ ಅವರ ಕಣ್ಣು ಜನರ ಮುಖ ನೋಡುತ್ತಿರಲಿಲ್ಲ, ತೊಡೆ ನೋಡುತ್ತಿತ್ತು. ಹೊಸ ಜೀನ್ಸನ್ನು ಹಳೆಯದರಂತೆ ಕಾಣಿಸಲು ತೊಡೆಯ ಮೇಲೆ ಬೆಳ್ಳಗೆ ಮಾಡುತ್ತಾರಲ್ಲ, ಅದನ್ನು ಯಾರು ಹೇಗೆ ಮಾಡಿದ್ದಾರೆಂದು ಹೇಳುವುದು ಅವರಿಗೊಂದು ಚಟ. "ಇದು ಕೈ. ಇದು ಮಷಿನ್. ಆ ಹುಡುಗಂದು ಖರೇನ ಹಳೇದು, ಪಾಪ" ಎನ್ನುತ್ತಿದ್ದರು. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ. "ಮಾಸ್ಟ್ರೇ, ಒದೆ ತಿಂತೀರ ಒಂದಿನ" ಎಂದು ಯಜಮಾನರು ಮೊಣಕೈಯಿಂದ ತಿವಿಯುತ್ತಿದ್ದರು.

ಯಜಮಾನರಿಗೆ ಆಗಾಗ ಇದ್ದಕ್ಕಿದ್ದಂತೆ ರಜೆ ಸಿಗುತ್ತಿತ್ತು. "ನಾಳೆ ತಪಾಸಣೆಯಂತೆ, ನೀನು ಬರಬೇಡ ಅಂದ್ರು ಮಾಸ್ಟ್ರು" ಎನ್ನುತ್ತಿದ್ದರು. ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ಕಾರ್ಖಾನೆ ನೋಡಲು ಬರುವ ದಿನ ಅದು. ನಾವು ಚಿತ್ರಾನ್ನ ಕಟ್ಟಿಕೊಂಡು ಲಂಗಾಟಾದ ಕಡೆ ಹೋಗಿ ಜಿರಾಫೆ ನೋಡಿ ಬರುತ್ತಿದ್ದೆವು. ನನ್ನ ಸಂಸಾರದ ಒಳ್ಳೆಯ ದಿನಗಳನ್ನು ನೆನೆದರೆ ಬಹುಪಾಲು ಆ ತಪಾಸಣೆಯ ದಿನಗಳೇ.

ಆಮೇಲೆ ಯಜಮಾನರಿಗೆ ಕೆಮ್ಮು ಹತ್ತಿಕೊಂಡಿತು. ಕಾರ್ಖಾನೆಯ ವೈದ್ಯರು ಕ್ಷಯ ಎಂದರು. ಎಂಟು ತಿಂಗಳು ಮಾತ್ರೆ ನುಂಗಿದರೂ ಗುಣವಾಗಲಿಲ್ಲ. ನಾನು ಅವರ ತಟ್ಟೆ ಲೋಟ ಬೇರೆ ಇಟ್ಟೆ. ಹಾಸಿಗೆ ಬೇರೆ ಹಾಕಿದೆ. ಮಗಳಿಗೆ ಬಾಗಿಲ ಹೊಸ್ತಿಲಿನಿಂದಲೇ ಮಾತಾಡಿಸಿ ಹೋಗು ಎಂದೆ. ಅವಳಿಗೆ ಆಗ ಹದಿನಾರು. ಅಲ್ಲೇ ನಿಂತು "ಗುಡ್ ನೈಟ್ ಅಪ್ಪಾ" ಎನ್ನುತ್ತಿದ್ದಳು. ಅವರು ಮಲಗಿದಲ್ಲಿಂದ ಕೈ ಎತ್ತುತ್ತಿದ್ದರು. ಹಾಗೆಯೇ ಹೋದರು.

ಅಂದಿನಿಂದ ಮಾಸ್ಟರು ಭಾನುವಾರದ ಊಟಕ್ಕೆ ಬರುವುದನ್ನು ನಿಲ್ಲಿಸಿದರು. ಕೆಲಸವನ್ನೂ ಬಿಟ್ಟರೆಂದು ಕೇಳಿದೆ. ಅವರಿಗೂ ರೋಗದ ಹೆದರಿಕೆ ಎಂದುಕೊಂಡೆ.

ಒಂದು ವರ್ಷದ ನಂತರ ತರಕಾರಿ ತರಲು ಹೋದಾಗ ರಸ್ತೆ ಬದಿಯಲ್ಲಿ ಅವರು ಸಿಕ್ಕರು. ಅಲ್ಲಿ ಹೊರದೇಶಗಳಿಂದ ಮೂಟೆಯಲ್ಲಿ ಬರುವ ಹಳೆಯ ಬಟ್ಟೆಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಮಾಸ್ಟರು ಒಂದು ಪ್ಯಾಂಟನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮಾರುವ ಹೆಂಗಸು, "ಕರೀಬು ಮ್ಜೇ, ಬನ್ನಿ ಅಜ್ಜ, ಇದು ಯುರೋಪಿನ ಮಾಲು" ಎಂದು ಹೊಗಳುತ್ತಿದ್ದಳು. ಅವರು ಒಳಗಿನ ಲೇಬಲ್ಲು ನೋಡಿದರು, ತೊಡೆಯ ಬಿಳುಪಿನ ಮೇಲೆ ಹೆಬ್ಬೆರಳು ಆಡಿಸಿದರು. ನನ್ನನ್ನು ಕಂಡದ್ದೇ ಹಾಗೆಯೇ ಅಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು.

"ತಂಗೀ, ಇದು ನಂದು. ನಾನ ಮಾಡ್ಸಿದ್ದು."

"ಇರ್ಲಿ ಬಿಡಿ ಮಾಸ್ಟ್ರೇ, ಅದಕ್ಯಾಕೆ ಹೀಗ್ ಕೂತ್ರಿ?"

"ನಿನ್ನ ಯಜಮಾನ್ರಿಗೆ ಕ್ಷಯ ಇರ್ಲಿಲ್ಲವ್ವ. ಮರಳು."

ಅವರು ಹೇಳಿದ್ದು ಇಷ್ಟು. ಕಾರ್ಖಾನೆಯ ಹಿಂದೆ ಒಂದು ಕೋಣೆಯಿತ್ತು. ಅಲ್ಲಿ ಗಾಳಿಯ ಒತ್ತಡದಿಂದ ಮರಳನ್ನು ಪ್ಯಾಂಟಿನ ಮೇಲೆ ಎರಚಿ ಬೆಳ್ಳಗೆ ಮಾಡುತ್ತಿದ್ದರು. ಆ ಗಾಳಿಯ ಯಂತ್ರ ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಮರಳಿನ ನುಣ್ಣನೆಯ ದೂಳು ಶ್ವಾಸಕೋಶದೊಳಗೆ ಹೋಗಿ ಅಲ್ಲೇ ಗಟ್ಟಿಯಾಗುತ್ತದೆ. ತಪಾಸಣೆಯ ದಿನ ಆ ಕೋಣೆಯ ಬಾಗಿಲಿಗೆ ರಟ್ಟಿನ ಪೆಟ್ಟಿಗೆಗಳನ್ನು ಅಡ್ಡ ಜೋಡಿಸಿ, ಕೆಲಸಗಾರರ ಕೈಗೆ ಉಪ್ಪುಕಾಗದ ಕೊಟ್ಟು, ಉಜ್ಜುತ್ತ ಕೂರಿಸುತ್ತಿದ್ದರು. ಮರಳು ಬಳಸುವುದಿಲ್ಲ ಎಂಬ ಕಾಗದಕ್ಕೆ ಪ್ರತಿ ಸಲವೂ ರುಜು ಹಾಕಿದವರು ಮಾಸ್ಟರು.

"ಅದು ಒಬ್ರಿಂದ ಒಬ್ರಿಗೆ ಹತ್ತೋ ರೋಗಲ್ಲ" ಎಂದರು. "ನೀ ತಟ್ಟೆ ಬ್ಯಾರೆ ಇಟ್ಟಿದ್ದು ನೋಡಿದೆ. ಆವಾಗ್ಲೂ ಬಾಯಿ ಬಿಡ್ಲಿಲ್ಲ ನಾನು."

ತರಕಾರಿಯ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದೆ. ಮಗಳಿಗೆ ಹೇಳಿದಾಗ ಅವಳು, "ಸೋ ಐ ಕುಡ್ ಹ್ಯಾವ್ ಹಗ್ಡ್ ಹಿಮ್?" ಎಂದು ಕೇಳಿದಳು.

ಎರಡು ತಿಂಗಳು ನಾನು ಮಾಸ್ಟರ ಮುಖ ನೋಡಲಿಲ್ಲ. ಮೇಲಿನ ಮನೆಯಲ್ಲಿ ಕೆಮ್ಮುವುದು ಕೇಳುತ್ತಿತ್ತು. ಕೆಮ್ಮಲಿ ಎಂದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ, ನಮ್ಮ ಮಹಡಿಗೂ ಅವರ ಮಹಡಿಗೂ ನಡುವೆ ಕೂತಿದ್ದರು. ಕೈಯಲ್ಲಿ ಅರ್ಧ ಲೀಟರ್ ಹಾಲಿನ ಪೊಟ್ಟಣ. ಅದನ್ನು ಮೇಲಕ್ಕೆ ಒಯ್ಯಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಉಗುರುಗಳು ನೀಲಿಯಾಗಿಯೇ ಇದ್ದವು. "ಕೆಲ್ಸ ಬಿಟ್ಟು ವರ್ಷ ಆದ್ರೂ ಬಣ್ಣ ಹೋಗಿಲ್ವಲ್ಲ" ಎಂದೆ. ಎರಡು ತಿಂಗಳ ಮೇಲೆ ನಾನು ಅವರೊಡನೆ ಆಡಿದ ಮೊದಲ ಮಾತು ಅದು.

ಹರ್ಲಿಂಗ್‌ಹ್ಯಾಮಿನಲ್ಲಿ ನಮ್ಮ ಕಡೆಯ ಡಾಕ್ಟರೊಬ್ಬರ ಕ್ಲಿನಿಕ್ ಇದೆ. ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಉಗುರನ್ನು ಒತ್ತಿ ನೋಡಿ, "ಇದು ಬಣ್ಣ ಅಲ್ಲಮ್ಮ, ರಕ್ತಕ್ಕೆ ಗಾಳಿ ಸಾಲ್ತಿಲ್ಲ" ಎಂದರು. ಆ ವಾರದಿಂದ ಭಾನುವಾರದ ಊಟ ಮತ್ತೆ ಶುರುವಾಯಿತು. ಕ್ಷಮಿಸಿದೆನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅನ್ನ ಮಾತ್ರ ಬಡಿಸಿದೆ.

ಆ ಡಾಕ್ಟರ ಮೂಲಕವೇ ವಕೀಲೆಯ ಪರಿಚಯವಾಯಿತು. ನೈರೋಬಿಯವರೇ, ಗಟ್ಟಿ ಹೆಂಗಸು. ಮರಳಿನ ಕೋಣೆಯ ಕೆಲಸಗಾರರ ಪರವಾಗಿ, ಮತ್ತು ನನ್ನಂಥ ವಿಧವೆಯರ ಪರವಾಗಿ, ಬಟ್ಟೆ ಕೊಂಡ ಕಂಪನಿಯ ಮೇಲೆ ಆ ಕಂಪನಿಯ ದೇಶದಲ್ಲೇ ಮೊಕದ್ದಮೆ ಹೂಡಿದ್ದರು. ಕಾರ್ಖಾನೆ ಆಗಲೇ ಮುಚ್ಚಿತ್ತು. ಕಂಪನಿಯ ವಾದ ಸರಳವಾಗಿತ್ತು: ಕಾರ್ಖಾನೆ ನಮ್ಮದಲ್ಲ, ಮರಳು ಬೇಡವೆಂದು ನಾವು ಲಿಖಿತವಾಗಿ ಹೇಳಿದ್ದೆವು, ಇಲ್ಲಿ ಈ ಮೊಕದ್ದಮೆ ನಡೆಯುವಂತೆಯೇ ಇಲ್ಲ. ಕಂಪನಿಗೆ ಗೊತ್ತಿತ್ತು ಎಂದು ತೋರಿಸದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಮಾಸ್ಟರು ತಮ್ಮ ಟ್ರಂಕಿನಿಂದ ಒಂದು ಹಾಳೆ ತಂದುಕೊಟ್ಟರು. ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಎಂದು ಕಂಪನಿಯವರೇ ಬರೆದು ಕಳಿಸುತ್ತಿದ್ದ ಹಾಳೆ. ತೊಡೆ ಬೆಳ್ಳಗೆ ಮಾಡುವ ಸಾಲಿನಲ್ಲಿ, ಕೈಯಿಂದ, ಎರಡೂ ಕಾಲಿಗೆ ತೊಂಬತ್ತು ಸೆಕೆಂಡು ಎಂದಿತ್ತು.

ವಕೀಲೆ ಎಚ್ಚರಿಸಿದರು. ಹೇಳಿಕೆ ಕೊಟ್ಟರೆ ಸುಳ್ಳು ರುಜು ಹಾಕಿದ್ದನ್ನೂ ಒಪ್ಪಬೇಕು, ಕಂಪನಿ ಎಲ್ಲ ತಪ್ಪನ್ನೂ ನಿಮ್ಮ ತಲೆಗೇ ಕಟ್ಟುತ್ತದೆ ಎಂದರು. ಮಗಳು ಅದನ್ನು ಅವರಿಗೆ ತನ್ನ ಹರಕು ಕನ್ನಡದಲ್ಲಿ ಹೇಳಿದಳು.

"ನನ್ನ ತಪ್ಪು ನಂದ. ಅದನ್ನೂ ಬರ್ಕೊಳ್ಳಿ ಅನ್ನವ್ವ" ಎಂದರು ಮಾಸ್ಟರು. "ಆದ್ರ ತೊಂಬತ್ತು ಸೆಕೆಂಡು ಅಂತ ಬರ್ದೋರು ಯಾರು? ಅಷ್ಟ್ರಾಗ ಮರಳಿಂದ ಆಗ್ತೈತಿ, ಕೈಯಿಂದ ಆಗಂಗಿಲ್ಲ. ಜೀನ್ಸ್ ಮಾರೋರಿಗೆ ಅಷ್ಟು ಗೊತ್ತಿರಲ್ಲೇನು? ನಾ ಮಾಡಿ ತೋರಿಸ್ತೀನಿ."

ಡಾಕ್ಟರು ಬೇಡವೆಂದರು. ನಾನೂ ಬೇಡವೆಂದೆ. ಅವರು ಕೇಳಲಿಲ್ಲ.

ವಕೀಲೆಯ ಕಚೇರಿಯಲ್ಲಿ ಮೇಜಿನ ಮೇಲೆ ಹಲಗೆಗೆ ಹೊಸ ಪ್ಯಾಂಟನ್ನು ತೊಡಿಸಿದರು. ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಅಂದು ರಸ್ತೆ ಬದಿಯಲ್ಲಿ ಮಾಸ್ಟರು ಕೊಂಡಿದ್ದ ಹಳೆಯ ಪ್ಯಾಂಟು. ಮಾಸ್ಟರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ನನ್ನನ್ನು ಕರೆದರು.

"ತಂಗೀ, ಹೊತ್ತು ನೀ ನೋಡು. ನಾ ಕೆಮ್ಮಿದಾಗ ನಿಲ್ಸು. ಕೈ ಆಡಿದಾಗ ಮತ್ತ ಚಾಲೂ ಮಾಡು. ಮುದುಕಗ ಉಸಿರಿಲ್ಲ, ಅದಕ್ಕ ತಡ ಆತು ಅಂತ ನಾಳೆ ಯಾರೂ ಅನಬಾರ್ದು."

ನಾನು ಫೋನ್ ಹಿಡಿದು ನಿಂತೆ. ಕೈ ಆಡಿತು, ನಿಂತಿತು. ಕೈ ಆಡಿತು, ನಿಂತಿತು. ಒತ್ತಿ ಉಜ್ಜುತ್ತಿರಲಿಲ್ಲ, ಮಗುವಿನ ಕಾಲಿಗೆ ಎಣ್ಣೆ ಸವರುವ ಹಾಗೆ ನಡುವೆ ಭಾರ, ಅಂಚಿಗೆ ಹಗುರ. ನೀಲಿ ನಿಧಾನವಾಗಿ ತೆಳುವಾಯಿತು. ಕೆಮ್ಮು ಬಂದಾಗಲೆಲ್ಲ ವಕೀಲೆ, "ಪೋಲೆ ಪೋಲೆ, ಮ್ಜೇ, ನಿಧಾನ" ಎನ್ನುತ್ತಿದ್ದರು. ಒಂದು ಕಾಲು ಮುಗಿಯಿತು. ಹಳೆಯ ಪ್ಯಾಂಟಿನ ಪಕ್ಕ ಇಟ್ಟರೆ ವ್ಯತ್ಯಾಸವೇ ಗೊತ್ತಾಗದಷ್ಟು ಒಂದೇ ಹಾಗಿತ್ತು. ಇನ್ನೊಂದು ಕಾಲಿನ ಮೇಲೆ ಕೈ ಇಟ್ಟು, ಎತ್ತಿ, "ಆಗವಲ್ದವ್ವ" ಎಂದರು.

"ಸಾಕು ಮಾಸ್ಟ್ರೇ" ಎಂದೆ.

"ಎಷ್ಟಾತು?"

"ಹದಿನೆಂಟು ನಿಮಿಷ. ಒಂದು ಕಾಲಿಗೆ."

ಮುಖದ ಬಟ್ಟೆಯ ಮೇಲೆ ಅವರ ಕಣ್ಣುಗಳು ಸ್ವಲ್ಪ ನಕ್ಕವು.

ಅವರು ಆಮೇಲೆ ಏಳು ವಾರ ಇದ್ದರು. ಸ್ಮಶಾನಕ್ಕೆ ಮರಳಿನ ಕೋಣೆಯ ಕೆಲಸಗಾರರೂ ಬಂದಿದ್ದರು. ದೂಳಿನ ಸಂಗತಿಯನ್ನು ಮಾಸ್ಟರು ಅವರಿಂದಲೂ ಮುಚ್ಚಿಟ್ಟಿದ್ದರು. ಸಿಟ್ಟಿನಿಂದ ಬಂದಿದ್ದಾರೇನೋ ಎಂದು ನಾನು ಹೆದರಿದ್ದೆ. ಅವರಲ್ಲಿ ಹಿರಿಯ ಮಾತ್ರ ನನ್ನ ಹತ್ತಿರ ಬಂದು, "ಫುಂಡಿ ನಮ್ಮನ್ನೂ ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಬಂದು ಹೇಳಿದರು, ಮಾಮಾ" ಎಂದ. ಫುಂಡಿ ಎಂದರೆ ಇಲ್ಲಿ ಕಸುಬು ಬಲ್ಲವನು, ಮಾಮಾ ಎಂದರೆ ಅಮ್ಮ. ಅಷ್ಟು ಹೇಳುವುದರೊಳಗೆ ಅವನಿಗೂ ಕೆಮ್ಮು ಬಂತು.

ಈ ವರ್ಷ ಆ ದೇಶದ ನ್ಯಾಯಾಲಯ ಮೊಕದ್ದಮೆ ನಡೆಯಬಹುದು ಎಂದು ಹೇಳಿದೆ. ಗೆದ್ದಿಲ್ಲ ಇನ್ನೂ, ಬಾಗಿಲು ತೆರೆದಿದೆ ಅಷ್ಟೇ ಎಂದರು ವಕೀಲೆ. ಒಂದೇ ಕಾಲು ಬೆಳ್ಳಗಾದ ಆ ಪ್ಯಾಂಟು ಈಗ ಅಲ್ಲಿದೆಯಂತೆ, ಮೊಹರು ಹಾಕಿದ ಚೀಲದಲ್ಲಿ. ಹೊತ್ತು ನೋಡಿದ್ದು ನಾನು ಎಂದು ನನ್ನ ರುಜುವೂ ಅದರ ಜೊತೆಗಿದೆ.

ಆ ಕಾಗದದಲ್ಲಿ ಹದಿನೆಂಟು ನಿಮಿಷ ಎಂದಷ್ಟೇ ಇದೆ. ಅವರು ಶುರು ಮಾಡಿದ್ದು ಹನ್ನೊಂದಕ್ಕೆ, ಕೈ ಎತ್ತಿದ್ದು ಹನ್ನೆರಡು ದಾಟಿ ಐದು ನಿಮಿಷಕ್ಕೆ. ಉಳಿದ ನಲವತ್ತೇಳು ನಿಮಿಷವನ್ನು ಅವರು ಹೇಳಿದಂತೆಯೇ ನಾನು ಬಿಟ್ಟೆ. ಅದನ್ನು ಯಾರೂ ಕೇಳಲಿಲ್ಲ, ಯಾವ ನ್ಯಾಯಾಲಯಕ್ಕೂ ಅದು ಬೇಕಿಲ್ಲ. ನಾನು ಫೋನ್ ನಿಲ್ಲಿಸಿದಾಗಲೆಲ್ಲ ನನ್ನ ಮಗಳು ಯಾರೂ ಹೇಳದೆ ಮುಂದೆ ಬಂದು ಮಾಸ್ಟರನ್ನು ಹಿಂದಿನಿಂದ ತಬ್ಬಿ ಹಿಡಿದು, ಕೆಮ್ಮು ನಿಲ್ಲುವ ತನಕ ಬೆನ್ನಿಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದಳು.