ಅಲ್ಲಾಸಾಬನ ಕೂದಲೂ ಗೋವಾದ ಬ್ಯಾಂಡೂ

ಬೆಟಗೇರಿಯ ನೇಕಾರ ಓಣಿಯಲ್ಲಿ ಅಲ್ಲಾಸಾಬನ ಮೈಕ್ ಅಂಗಡಿಯಿಂದ ಹಾಡು ಶುರುವಾಯಿತೆಂದರೆ ಸುತ್ತಲಿನ ಮಗ್ಗಗಳೆಲ್ಲ ಒಮ್ಮೆ ನಿಲ್ಲುತ್ತಿದ್ದವು. ಕೇಳಲಿಕ್ಕಲ್ಲ, ಬೈಯಲಿಕ್ಕೆ.

ಅವನ ಹೆಂಡತಿ ಶಮಶಾದಬಿ ಮುಂಡರಗಿಯ ಹುಡುಗಿ. ಮೈಕಿನವನಿಗೆ ಕೊಡುತ್ತೇವೆ ಎಂದಾಗ, ಮನೆಯಲ್ಲಿ ಸದಾ ಹಾಡಿರುತ್ತದೆ ಎಂದು ಹಿಗ್ಗಿದ್ದಳು. ಹಾಡೇನೋ ಇತ್ತು. ಆದರೆ ಎಂಬತ್ತಾರರ ರಂಜಾನಿಗೆ ವಾಸ್ಕೋ ಬಂದರಿನಲ್ಲಿ ಕೆಲಸಕ್ಕಿದ್ದ ಗಂಡನ ಚಿಕ್ಕಪ್ಪನ ಮಗ ರಹಮಾನಸಾಬ ಊರಿಗೆ ಬರುವಾಗ ಒಂದು ಕ್ಯಾಸೆಟ್ಟು ತಂದುಕೊಟ್ಟ; ಅಂದಿನಿಂದ ಆ ಮನೆಯ ಹಾಡೇ ಬೇರೆಯಾಯಿತು.

ಕ್ಯಾಸೆಟ್ಟಿನ ಮೇಲೆ ನಾಲ್ಕು ಗಂಡಸರ ಚಿತ್ರ. ಭುಜದ ಕೆಳಗಿಳಿದ ಕೂದಲು, ಅದೂ ಸಿಂಹದ ಜೂಲಿನಂತೆ ಉಬ್ಬಿದ್ದು. ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ಕಾಲಿಗೆ ಮೆತ್ತಿದಂತಿರುವ ಹೊಳೆಹೊಳೆಯುವ ಪ್ಯಾಂಟು. ಅಲ್ಲಾಸಾಬನ ತಾಯಿ ಮೋತಿಬಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಯಾ ನಾಟಕ ಕಂಪನಿಯವ್ರೋ ಇವ್ರು? ನಾಕೂ ಮಂದಿ ಹೆಣ್ಣಿನ ಪಾರ್ಟ ಮಾಡಿದ್ರ ರಾಜನ ಪಾರ್ಟ ಯಾರ ಮಾಡ್ತಾರೊ?"

"ನಾಟಕ ಅಲ್ಲಬೇ ಅಮ್ಮಾ, ಬ್ಯಾಂಡು. ಅಮೇರಿಕಾದ ಮೆಟಲ್ ಬ್ಯಾಂಡು."

"ಬ್ಯಾಂಡಂದ್ರ ತುತ್ತೂರಿ ಎಲ್ಲೈತಿ?"

ಅಲ್ಲಾಸಾಬನಿಗೆ ಆ ಹಾಡಿನ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಸದ್ದು. ಮೈಕಿನ ಹಾರ್ನಿನ ಬಾಯಿಂದ ಒಡಕು ದನಿ ಬಂತೆಂದರೆ ಮದುವೆ ಮನೆಯವರು ಅವನ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದರು. ಎಷ್ಟೋ ವರ್ಷ ಅವನು ಆ ಒಡಕನ್ನು ಓಡಿಸಲು ತಿಣುಕಿದ್ದ. ಈ ಪುಣ್ಯಾತ್ಮರು ಅದೇ ಒಡಕು ದನಿಯನ್ನು ಬೇಕೆಂದೇ ಮಾಡುತ್ತಾರೆ, ಅದಕ್ಕೆ ಸಾವಿರಗಟ್ಟಲೆ ಜನ ದುಡ್ಡು ಕೊಟ್ಟು ಬರುತ್ತಾರೆ! ಕ್ಯಾಸೆಟ್ಟಿನ ಕೊನೆಗೆ ಆ ಜನರ ಕೂಗೂ ಇತ್ತು. ಮೈದಾನದ ತುಂಬ ಸೇರಿದವರು ಒಂದೇ ಉಸಿರಿಗೆ ಅರಚುವುದು. ಅಲ್ಲಾಸಾಬ ಹಾಡಿಗಿಂತ ಹೆಚ್ಚಾಗಿ ಆ ಕೂಗನ್ನೇ ಹಿಂದೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದ.

"ಒಂದ ಸಲ ಅದರಾಗ ನಿಂದರಬೇಕ ನೋಡ" ಎನ್ನುತ್ತಿದ್ದ ಹೆಂಡತಿಗೆ.

"ಸಂತ್ಯಾಗ ನಿಂದರ್ರಿ, ಇದಕ್ಕಿಂತ ಜೋರ ಕೇಳಸ್ತೈತಿ."

"ಹಂಗಲ್ಲ. ಬರೇ ಕಿವಿ ತಗೊಂಡ ಹೋದ್ರ ಆಗೂದಿಲ್ಲ. ಅಂಥಾ ಜಾಗಾಕ ತಲೀನೂ ಅಂಥಾದ್ದ ಒಯ್ಯಬೇಕು."

ಹೀಗೆ ಕೂದಲು ಬಿಡುವುದು ಶುರುವಾಯಿತು. ವರ್ಷ ಕಳೆಯುವಷ್ಟರಲ್ಲಿ ಭುಜಕ್ಕೆ ಇಳಿಯಿತು. ಇಳಿದದ್ದೇ ಅವನ ಕೊರಗು. ಚಿತ್ರದವರ ಕೂದಲು ನಿಂತಿರುತ್ತದೆ, ಇವನದು ಎಮ್ಮೆಯ ಬಾಲದ ಹಾಗೆ ಜೋತುಬೀಳುತ್ತದೆ. ಪಕ್ಕದ ಮನೆಯ ತಿಪ್ಪವ್ವ ಮಗ್ಗದ ನೂಲಿಗೆ ಹಚ್ಚಲೆಂದು ಗಂಜಿ ಕಾಸುತ್ತಿದ್ದಳು. ಅಲ್ಲಾಸಾಬ ಅದರಲ್ಲಿ ಒಂದು ಬಟ್ಟಲು ಬೇಡಿ ತಂದು, ತಲೆಗೆ ಬಳಿದುಕೊಂಡು, ತಲೆ ಕೆಳಗೆ ಮಾಡಿ ಬಿಸಿಲಲ್ಲಿ ಕೂತ. ಕೂದಲು ಖರೆಖರೆ ನಿಂತಿತು. ಅವನು ಕನ್ನಡಿ ತರಲು ಏಳುವ ಮೊದಲೇ ತಿಪ್ಪವ್ವನ ಕೋಳಿಗಳು ಬಂದು ಮುತ್ತಿದವು. ಶಮಶಾದಬಿ ಬಸುರಿ, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕೋಳಿ ಓಡಿಸಿದಳು.

ಮಗಳು ಜನ್ನತ ಹುಟ್ಟಿದ ಮೇಲೆ ಓಣಿಯ ಬಾಯಿ ಜೋರಾಯಿತು. ಒಂದು ದಿನ ನಳದ ಹತ್ತಿರ ಎಲ್ಲರ ಮುಂದೆ ತಿಪ್ಪವ್ವ ಕೇಳಿಯೇ ಬಿಟ್ಟಳು.

"ಮೋತಿಬಿ, ನಿನ್ನ ಮಗಗ ಹಜಾಮರ ಜೋಡಿ ಜಗಳೇನ?"

ಮೋತಿಬಿ ಕೊಡ ಇಳಿಸಿದಳು. ಮರ್ಯಾದೆ ಹೋಗುವ ಹೊತ್ತು. ಬಾಯಿಗೆ ಬಂದದ್ದು ಹೇಳಿದಳು: "ಜಗಳ ಯಾಕವಾ, ಹರಕಿ ಐತಿ. ಕೂಸಿನ ಸಲುವಾಗಿ ಹೊತ್ತಾನ. ಲಕ್ಷ್ಮೇಶ್ವರದ ದರ್ಗಾಕ್ಕ ಕೂದ್ಲ ಕೊಡಾಂವ ಅದಾನ."

ನಳದ ಸುತ್ತ ಇದ್ದವರೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡರು.

ಮರುದಿನದಿಂದ ಅಲ್ಲಾಸಾಬನಿಗೆ ಓಣಿಯಲ್ಲಿ ಬೇರೆಯೇ ಗೌರವ. ಚಹದ ಅಂಗಡಿಯಲ್ಲಿ ಕುರ್ಚಿ ಬಿಟ್ಟುಕೊಡುವವರು, ಕೂಸುಗಳನ್ನು ತಂದು ತಲೆ ಮುಟ್ಟಿಸಿಕೊಂಡು ಹೋಗುವವರು. ಅಂತೂರ-ಬೆಂತೂರದ ಪುಂಡಲೀಕಪ್ಪನ ಮನೆಯ ಮದುವೆಯಲ್ಲಿ ಸನಾದಿಯ ಕ್ಯಾಸೆಟ್ಟು ಮುಗಿದಾಗ, ಇವನು ಯಾವುದೋ ಗುಂಗಿನಲ್ಲಿ ಅಮೇರಿಕಾದ್ದನ್ನು ಹಾಕಿಬಿಟ್ಟ. ಹಿತ್ತಲಲ್ಲಿ ಕಟ್ಟಿದ್ದ ಎತ್ತು ಕಣ್ಣಿ ಹರಿದುಕೊಂಡು ಬೀಗರ ಪಂಕ್ತಿಯೊಳಗೆ ನುಗ್ಗಿತು. ಬೇರೆ ಯಾರಾದರೂ ಆಗಿದ್ದರೆ ಹಾರ್ನಿನ ಜೊತೆ ಅವನನ್ನೂ ಮರಕ್ಕೆ ಕಟ್ಟುತ್ತಿದ್ದರು. ಪುಂಡಲೀಕಪ್ಪ ಮಾತ್ರ, "ಏನೂ ಅನಬ್ಯಾಡ್ರಿ, ಹರಕಿ ಮನಷಾ ಅದಾನ, ಅಂವಗ ಏನರ ಕಂಡಿರಬೇಕು" ಎಂದು ಎಲ್ಲರನ್ನೂ ಸುಮ್ಮನಾಗಿಸಿದ.

"ನೋಡಿದೇನ" ಎಂದು ಅಲ್ಲಾಸಾಬ ಮನೆಗೆ ಬಂದು ಹಿಗ್ಗಿದ. "ಮೆಟಲ್‌ನ ಕಿಮ್ಮತ್ತು ಹಳ್ಳ್ಯಾಗಿನ ಮಂದಿಗೂ ತಿಳದೈತಿ."

"ಎತ್ತಿಗೆ ತಿಳದೈತಿ" ಎಂದಳು ಶಮಶಾದಬಿ, ಕೂಸಿನ ಬಟ್ಟೆ ಹಿಂಡುತ್ತ.

ಎಂಬತ್ತೆಂಟರ ಚಳಿಗಾಲದಲ್ಲಿ ರಹಮಾನಸಾಬ ಮತ್ತೆ ಬಂದ. ಈ ಸಲ ಖಬರು ತಂದಿದ್ದ. ಸಿಲ್ವರ್ ಶಾರ್ಕ್ ಎಂಬ ಗೋವಾದ ಮೆಟಲ್ ಬ್ಯಾಂಡು, ಕೂದಲು, ಕಾಡಿಗೆ, ಹೊಳೆಯುವ ಪ್ಯಾಂಟು ಎಲ್ಲ ಅಮೇರಿಕಾದವರ ಹಾಗೆಯೇ, ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಮಧ್ಯಾಹ್ನ ಹುಬ್ಬಳ್ಳಿಯ ರೈಲ್ವೆ ಮಂದಿಯ ಹಾಲ್‌ನಲ್ಲಿ ಬಾರಿಸುತ್ತದೆ. ಅಲ್ಲಾಸಾಬ ಅಂದು ಊಟ ಬಿಟ್ಟ. ಸಂತೋಷಕ್ಕೆ.

ಆದರೆ ಆ ವಾರ ಜನ್ನತಳಿಗೆ ಜ್ವರ ಬಂತು. ಮೈ ಹಂಚಿನಂತೆ ಕಾಯ್ದಿತ್ತು, ಹಾಲು ಬೇಡವೆಂದು ಮುಖ ತಿರುಗಿಸುತ್ತಿತ್ತು. ಡಾಕ್ಟರು ಔಷಧಿ ಕೊಟ್ಟು ಹೆದರಬೇಡಿ ಎಂದರು. ಶಮಶಾದಬಿ ಬೆರಳಿನಿಂದ ಒಸಡು ಸವರಿ ನೋಡಿದಳು. ಗಟ್ಟಿಯಾಗಿ ಉಬ್ಬಿತ್ತು.

"ಹಲ್ಲ ಬರಾಕತ್ತೈತಿ ಅತ್ತಿ. ಅದಕ್ಕ ಜ್ವರ."

ಮೋತಿಬಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು. "ಹಲ್ಲಲ್ಲವಾ, ನನ್ನ ನಾಲಿಗಿ. ಪೀರಸಾಹೇಬ್ರ ಹೆಸರಲೆ ಸುಳ್ಳ ಆಡಿದೆ. ಕೂಸಿನ ಸಲುವಾಗಿ ಅಂದೆ. ಕೂಸಿಗೇ ಬಂತು. ಬಾಯಿಂದ ಹೊಂಟಮ್ಯಾಲ ಹರಕಿ ಹರಕೀನ."

"ಡಾಕ್ಟ್ರು ಹೇಳ್ಯಾರಲ್ಲ..."

"ಡಾಕ್ಟ್ರ ಬಾಯಾಗಿನ ಹಲ್ಲೂ ದೇವರ ಕೊಟ್ಟಾನ."

ಶಮಶಾದಬಿ ಗಂಡನ ಮುಖ ನೋಡಿದಳು. ಅವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತಿದ್ದ. ಕೂಸಿನ ಮುಷ್ಟಿಯ ತುಂಬ ಅವನ ಕೂದಲು. ಎರಡು ವರ್ಷ ಸಾಕಿದ ಕೂದಲು. ನಾಲ್ಕು ದಿನ ತಡೆದರೆ ಭಾನುವಾರ.

"ಹಲ್ಲ ಇದ್ರೂ ಇರ್ಲಿ, ಹರಕಿ ಇದ್ರೂ ಇರ್ಲಿ" ಎಂದ ಅಲ್ಲಾಸಾಬ. "ನಾಳೆ ಜುಮ್ಮೇರಾತು. ಲಕ್ಷ್ಮೇಶ್ವರಕ್ಕ ಹೋಗಿ ಬರ್ತೇನಿ."

ಗುರುವಾರ ಸಂಜೆಯ ಬಸ್ಸಿನಿಂದ ಇಳಿದುಬಂದವನನ್ನು ಕಂಡು ಓಣಿಯ ನಾಯಿ ಬೊಗಳಿತು. ತಲೆ ತೊಳೆದ ಹರಿವಾಣದಂತೆ ಫಳಫಳ. ಮೋತಿಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಶುಕ್ರವಾರ ಕೂಸಿನ ಜ್ವರ ಇಳಿಯಿತು. ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನ ತುದಿಯಂಥ ಹಲ್ಲು ಕಂಡಿತು. ಅತ್ತೆ ಹರಕೆ ಎಂದಳು, ಸೊಸೆ ಹಲ್ಲು ಎಂದಳು, ಅವರಿಬ್ಬರೂ ಸೇರಿ ಹುಗ್ಗಿ ಮಾಡಿದರು.

ಅಲ್ಲಾಸಾಬ ಮಾತ್ರ ಅಂಗಡಿ ತೆರೆಯಲಿಲ್ಲ. "ಹುಬ್ಬಳ್ಳಿಗೆ ಹೋಗೂದಿಲ್ರಿ?" ಎಂದು ಹೆಂಡತಿ ಕೇಳಿದರೆ ಗೋಡೆಯತ್ತ ತಿರುಗಿ ಮಲಗಿದ.

"ಬೋಳ ತಲಿ ತಗೊಂಡು ಯಾ ಮುಖದಲೆ ಹೋಗ್ಲಿ? ಅಲ್ಲೆ ಎಲ್ಲಾರ್ದೂ ಹಾರ್ತೈತಿ. ನಂದು ಮಿಂಚ್ತೈತಿ."

ಶಮಶಾದಬಿ ಕೂಸನ್ನು ಅತ್ತೆಯ ತೊಡೆಯ ಮೇಲೆ ಹಾಕಿ ತಿಪ್ಪವ್ವನ ಮನೆಗೆ ಹೋದಳು. ಜಡೆಯೊಳಗೆ ಸೇರಿಸಿ ಹೆಣೆಯುವ ಚೌರಿ ಪ್ರತಿ ಮನೆಯಲ್ಲೂ ಇರುತ್ತದೆ. ತಿಪ್ಪವ್ವನದು ಓಣಿಗೇ ದೊಡ್ಡದು.

"ಕೊಡ್ತೇನವಾ" ಎಂದಳು ತಿಪ್ಪವ್ವ. "ಆದ್ರ ಮಂಗಳವಾರ ನನ್ನ ಬಸುರಿ ಮಗಳ ಕುಬಸ ಐತಿ. ಅಷ್ಟ್ರಾಗ ಜಡಿ ನನ್ನ ಕೈಗೆ ಬರಬೇಕು. ಅಂದಂಗ ಯಾರಿಗೆ?"

"ನಮ್ಮ ಮನ್ಯಾಗ."

"ಮೋತಿಬಿಗೇನ? ಈ ವಯಸ್ಸಿನ್ಯಾಗ?"

ಶಮಶಾದಬಿ ಚೌರಿ ಎತ್ತಿಕೊಂಡು ಮನೆಗೆ ಬಂದಳು. ತನ್ನದು, ಅತ್ತೆಯದು, ತಿಪ್ಪವ್ವನದು ಮೂರೂ ಚೌರಿಗಳನ್ನು ಬಿಚ್ಚಿ, ಬಾಚಿ, ಒಂದು ಕೆಂಪು ರುಮಾಲಿನ ಒಳಮಗ್ಗುಲಿಗೆ ಸುತ್ತಲೂ ಹೊಲಿದಳು. ಗಂಡನ ತಲೆಗೆ ಬಿಗಿದು, ಕನ್ನಡಿ ಹಿಡಿದಳು. ಅಲ್ಲಾಸಾಬ ಬಹಳ ಹೊತ್ತು ನೋಡಿದ. ಬಲಗಡೆ ತುಸು ಹೆಚ್ಚು ಕಪ್ಪು, ಎಡಗಡೆ ಮೋತಿಬಿಯ ಚೌರಿಯ ಮೆಹಂದಿ ಕೆಂಪು.

"ಅಮೇರಿಕಾದವ್ರದೂ ಎರಡ ಬಣ್ಣ ಇರ್ತೈತಿ" ಎಂದ. ದನಿಯಲ್ಲಿ ಜೀವ ಬಂದಿತ್ತು.

ಭಾನುವಾರ ಮೂವರೂ ಹೊರಟರು. ಕೂಸು ಎದೆಹಾಲಿನದು, ಬಿಟ್ಟು ಬರುವಂತಿಲ್ಲ. ಗಂಡನನ್ನು ಆ ತಲೆಯೊಂದಿಗೆ ಒಬ್ಬನನ್ನೇ ಕಳಿಸುವಂತೆಯೂ ಇರಲಿಲ್ಲ. ರೈಲಿನಲ್ಲಿ ಅವನು ಕಿಟಕಿ ತೆರೆಯಗೊಡಲಿಲ್ಲ, ಗಾಳಿಗೆ ಹೆದರಿ.

ಹಾಲ್‌ನಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ರೈಲ್ವೆಯ ಸಂಸಾರಗಳು ಇಸ್ತ್ರಿ ಬಟ್ಟೆ ಹಾಕಿಕೊಂಡು, ಮಡಿಲಲ್ಲಿ ಕೇಕಿನ ತುಂಡು ಇಟ್ಟುಕೊಂಡು ಶಿಸ್ತಾಗಿ ಕೂತಿದ್ದರು. ಪರದೆ ಸರಿಯಿತು. ನಾಲ್ಕು ಜನ, ಕೂದಲು, ಹೊಗೆ, ಹಿಂದೆ ಸಾಲು ಹಾರ್ನು. ಮೊದಲ ಪೆಟ್ಟಿಗೇ ಗೋಡೆಯ ಸುಣ್ಣ ಉದುರಿತು. ಶಮಶಾದಬಿ ಗಾಬರಿಯಾಗಿ ಜನ್ನತಳ ಕಿವಿಗೆ ಸೆರಗು ಅದುಮಿದಳು. ನೋಡಿದರೆ ಕೂಸು ನಿದ್ದೆ ಹೋಗಿತ್ತು. ಹಾರ್ನಿನ ಅಂಗಡಿಯ ಹಿಂದೆ ಹುಟ್ಟಿದ ಮಗು, ಅದಕ್ಕಿದು ಜೋಗುಳ.

ಎರಡನೆಯ ಹಾಡಿಗೆ ಅಲ್ಲಾಸಾಬ ತಡೆಯಲಾರದೆ ಎದ್ದು ವೇದಿಕೆಯ ಬುಡಕ್ಕೆ ಓಡಿದ. ತಲೆಯನ್ನು ಮುಂದಕ್ಕೆ ಒಗೆದ, ಹಿಂದಕ್ಕೆ ಒಗೆದ. ಮತ್ತೆ ಮುಂದಕ್ಕೆ ಒಗೆದಾಗ ರುಮಾಲು ಸಡಿಲಾಗಿ, ಮೂರು ಹೆಂಗಸರ ಕೂದಲು ಗಾಳಿಯಲ್ಲಿ ಹಾರಿ ಹಾಡುವವನ ಕಾಲಿನ ಮೇಲೆ ಬಿತ್ತು. ಸತ್ತ ಬೆಕ್ಕು ಬಿದ್ದಂತೆ. ಅವನು ಚೀರಿ ಹಿಂದೆ ಜಿಗಿದ. ಆ ಚೀರು ಹಾಡಿನದ್ದೇ ಇರಬೇಕೆಂದು ಕುರ್ಚಿಯವರು ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಅದನ್ನು ಎತ್ತಿ ಮೈಕಿನ ಕೋಲಿಗೆ ಕಟ್ಟಿದ. ಮಧ್ಯಂತರದಲ್ಲಿ ಕೋಲಿನ ಸಮೇತ ಒಳಗೆ ಒಯ್ದ.

ಅಲ್ಲಾಸಾಬ ಕೈಗಳಿಂದ ತಲೆ ಮುಚ್ಚಿಕೊಂಡು ಬಂದ. "ನಡೀ, ಊರಿಗೆ ಹೋಗೂಣು. ಅವ್ರ ಮುಂದನ ಬೋಳ ಆದೆ."

"ಹೋಗಾಕೇನ? ಮಂಗಳವಾರ ಕುಬಸ ಐತ್ರಿ!" ಶಮಶಾದಬಿ ಕೂಸನ್ನು ಬಗಲಿಗೇರಿಸಿ ವೇದಿಕೆಯ ಹಿಂದಿನ ಬಾಗಿಲಿಗೆ ನಡೆದಳು. ಅವನು ಬೇಡ ಬೇಡ ಎನ್ನುತ್ತ ಹಿಂದೆ.

ಒಳಗೆ ಹಾಡುವವನು ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಕಾಡಿಗೆ ಕರಗಿ ಗಲ್ಲದ ತನಕ ಇಳಿದಿತ್ತು. ಇವರನ್ನು ಕಂಡು ಎದ್ದು ನಿಂತು, "ಬರ್ರಿ ಅಕ್ಕಾರ, ಕುಂಡ್ರಿ" ಎಂದ.

ಅಲ್ಲಾಸಾಬನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಹಾಡುವವನ ಹೆಸರು ಅಗ್ನೆಲ್. ಅಪ್ಪ ರೈಲ್ವೆ ಗಾರ್ಡು, ಬೆಳೆದದ್ದು ಗೋವಾ ಗಡಿಯ ಈಚೆಗಿನ ಲೋಂಡಾದಲ್ಲಿ, ಕನ್ನಡದ ಮಂದಿಯ ನಡುವೆ.

"ತಮ್ಮಾ, ಆ ಕೂದ್ಲ ನಮ್ಮ ಬಾಜೂಮನಿ ತಿಪ್ಪವ್ವಂದು" ಎಂದಳು ಶಮಶಾದಬಿ. "ಕೊಟ್ಟಬಿಡಪಾ. ಅಕಿ ಮಗಳ ಕುಬಸಕ್ಕ ಬೇಕು."

ಅಗ್ನೆಲ್ ಕೋಲಿನಿಂದ ಗಂಟು ಬಿಚ್ಚುತ್ತ, "ಚಲೋ ಕಾಣ್ತಿತ್ರಿ ಅಕ್ಕಾರ" ಎಂದು ಮುಖ ಸಣ್ಣದು ಮಾಡಿದ. ಆಮೇಲೆ ಅಲ್ಲಾಸಾಬನ ತಲೆಯತ್ತ ನೋಡಿದ. "ಇವ್ರದೇನಾತ್ರಿ?"

"ಈ ಕೂಸಿಗೆ ಜ್ವರ ಬಂದಿತ್ತು, ದರ್ಗಾಕ್ಕ ಕೊಟ್ಟು ಬಂದಾರ. ಎರಡ ವರ್ಸ ಬಿಟ್ಟಿದ್ರು, ನಿಮ್ಮನ್ನ ನೋಡಾಕ."

ಅಗ್ನೆಲ್ ಅಲ್ಲಾಸಾಬನ ಎರಡೂ ಕೈ ಹಿಡಿದುಕೊಂಡ. ಅಲ್ಲಾಸಾಬನ ಬಾಯಿಂದ ಹೊರಟದ್ದು ಒಂದೇ ಮಾತು: "ಮೂರನೇ ಹಾರ್ನ್ ಭಾಳ ಚಲೋ ಒಡೀತೈತ್ರಿ."

ಶಮಶಾದಬಿಯ ಕಣ್ಣು ಆ ಇಳಿದ ಕಾಡಿಗೆಯ ಮೇಲಿತ್ತು. ಎಷ್ಟೆಂದರೂ ಯಾರೋ ತಾಯಿ ಹೆತ್ತ ಮಗ. ಈ ಮೋರೆಯಲ್ಲಿ ಅಷ್ಟು ಜನರ ಮುಂದೆ ಹೋಗುವುದೇ? ಕೂಸಿನ ಬಟ್ಟೆಯ ಚೀಲದಿಂದ ಡಬ್ಬಿ ತೆಗೆದಳು. ಮನೆಯಲ್ಲೇ ಔಡಲೆಣ್ಣೆಯ ದೀಪಕ್ಕೆ ಹಿಡಿದು ಮಾಡಿದ ಕಾಡಿಗೆ. "ಅಂಗಡೀದ ನಿಂದರೂದಿಲ್ಲ ತಮ್ಮಾ. ಮ್ಯಾಲ ನೋಡು, ಅಲಗಬ್ಯಾಡ" ಎಂದು ಸೆರಗಿನ ತುದಿಯಿಂದ ಅವನ ಮುಖ ಒರೆಸಿ, ತಾನೇ ಹಚ್ಚಿದಳು. ಡಬ್ಬಿ ಮುಚ್ಚುವ ಮೊದಲು, ಕೈಯ ರೂಢಿ, ಅವನ ಎಡಗೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು. ಉಳಿದ ಮೂವರೂ ಗಿಟಾರು ಕೆಳಗಿಟ್ಟು ಬಂದು ಸಾಲಾಗಿ ನಿಂತರು.

ಪರದೆ ಮತ್ತೆ ಸರಿದಾಗ ಸಿಲ್ವರ್ ಶಾರ್ಕಿನ ನಾಲ್ವರೂ ಕೆನ್ನೆಯ ಮೇಲೆ ಕಪ್ಪು ಬೊಟ್ಟು ಇಟ್ಟುಕೊಂಡು ನಿಂತಿದ್ದರು. ಅಗ್ನೆಲ್ ಮೈಕಿನಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿ ಮುಂದೆ ಕೈ ತೋರಿಸಿದ. ಅಲ್ಲಿ ಅಲ್ಲಾಸಾಬ ನಿಂತಿದ್ದ, ಬೋಳು ತಲೆಯಲ್ಲಿ, ಬಣ್ಣಬಣ್ಣದ ದೀಪಗಳೆಲ್ಲ ಆ ತಲೆಯ ಮೇಲೆ ಹೊಳೆಯುತ್ತಿದ್ದವು. ಕೊನೆಯ ಹಾಡು ಮುಗಿಯುವ ತನಕ ಅವನು ಕೂತುಕೊಳ್ಳಲಿಲ್ಲ.

ತಿರುಗಿ ಬರುವ ರೈಲಿನಲ್ಲಿ ಕಿಟಕಿ ತೆರೆದೇ ಇತ್ತು. ಅಣ್ಣಿಗೇರಿ ದಾಟಿತು. ಅಲ್ಲಾಸಾಬ ಕೇಳಿದ, ದನಿ ಪೂರ್ತಿ ಕೂತುಹೋಗಿತ್ತು:

"ಕಡೀಕ ಮಂದಿ ಒದರಿದ್ದು ಕೇಳಿಸ್ತೊ ಇಲ್ಲೊ ನಿನಗ?"

ಶಮಶಾದಬಿ ಮಡಿಲಲ್ಲಿ ಚೌರಿಗಳ ಹೊಲಿಗೆ ಬಿಚ್ಚುತ್ತಿದ್ದಳು. "ಮಂದಿ ಎಲ್ಲಿ ಒದರಿದ್ರು? ಕೇಕ್ ತಿಂತ ಕುಂತಿದ್ರು. ಒದರಿದ್ದು ನೀವೊಬ್ರ."

"ಖರೇನ?"

"ಖರೆ. ಮೈದಾನ ತುಂಬಿದಂಗ ಇತ್ತು."