ಒಳಗೆ ಹೋದ ತೋಟಾ ಹೊರಗೆ ಬರಲಿಲ್ಲ

ಬೋಲ್ಟ್ ಹಿಂದಕ್ಕೆಳೆದೆ. ತೋಟಾ ಬರಲಿಲ್ಲ. ಮತ್ತೆ ಎಳೆದೆ. ಬೋಲ್ಟ್ ಬರಿಗೈಯಲ್ಲಿ ವಾಪಸ್ ಬಂತು.

ಗಾಬರಿಯಾಗಬೇಡಿ. ಜಪಾನಿನಲ್ಲಿ ಮನೆಗೆ ಬಂದೂಕು ತರುವುದು ಅಷ್ಟು ಸುಲಭವಲ್ಲ. ಇದು ಬಿಡಿಭಾಗ ತರಿಸಿ ನಾವೇ ಜೋಡಿಸುವ ಮಾದರಿ ರೈಫಲ್. ತೋಟಾಗಳೂ ಸುಳ್ಳು. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್‌ನಿಂದ ಒಳಗೆ ಹೋಗುತ್ತವೆ, ಅಗುಳಿಯಂಥ ಬೋಲ್ಟ್ ಎಳೆದರೆ ಹೊರಗೆ ಹಾರುತ್ತವೆ. (ಅಷ್ಟೇನಾ ಎಂದು ಹೆಂಡತಿ ಶುಭಾ ಆಗಲೇ ಕೇಳಿಯಾಗಿದೆ.)

ನನ್ನದು ಅಷ್ಟನ್ನೂ ಮಾಡುತ್ತಿರಲಿಲ್ಲ. ತೋಟಾ ಒಂದೋ ಮೂತಿ ಮೇಲೆತ್ತಿ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಒಳಗೆ ಹೋಗಿ ಅಲ್ಲೇ ಕೂರುತ್ತಿತ್ತು.

ಆಟಿಕೆ ತಾನೇ, ಬಿಟ್ಟುಬಿಡಬಹುದಿತ್ತು. ಆದರೆ ನಾನು ಕೊರೊನಾ ಜ್ವರದಿಂದ ಎದ್ದು ಕೆಲವೇ ವಾರಗಳಾಗಿದ್ದವು. ಜ್ವರ ಹೋಗುವಾಗ ನೆನಪನ್ನೂ ಸ್ವಲ್ಪ ಒಯ್ದಿತ್ತೇನೋ. ಸ್ಟವ್ ಆರಿಸದೆ ಮಲಗಿದ್ದೆ. ಮೀಟಿಂಗಿನಲ್ಲಿ ಮೋರಿ ಸಾನ್ ಹೆಸರೇ ಬಾಯಿಗೆ ಬರಲಿಲ್ಲ. ಅವರು ನಗೋಯಾದ ನಮ್ಮ ಕಾರ್ಖಾನೆಯಲ್ಲಿ ನನ್ನ ಬಾಸ್! ಬ್ರೇಕ್ ತಯಾರಿಸುವ ಹೊಸ ಲೈನಿನ ಕೊನೆಯ ತಪಾಸಣೆಯನ್ನು ನೀವೇ ನೋಡಿಕೊಳ್ಳುತ್ತೀರಾ ಎಂದು ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು. ತನ್ನ ತಲೆಯನ್ನೇ ನಂಬದವನು ಬೇರೆಯವರ ಬ್ರೇಕ್ ಪಾಸ್ ಮಾಡಬಹುದೇ? ಆಗುವುದಿಲ್ಲ ಎಂಬ ಮೇಲ್ ಬರೆದು ಡ್ರಾಫ್ಟಿನಲ್ಲಿಟ್ಟಿದ್ದೆ.

"ರೀ, ಯಾವುದೋ ಸ್ಪ್ರಿಂಗ್ ಹಾಕೋದು ಮರ್ತಿದೀರ. ಬಿಚ್ಚಿ ನೋಡಿ" ಎಂದಳು ಶುಭಾ. ಪಪ್ಪಾ ಫರ್ಗಾಟ್ ಅಗೇನ್ ಎಂದು ಮಗಳು ಸೇರಿಸಿದಳು.

ಬಿಚ್ಚಲಿಲ್ಲ. ಮೆಕ್ಯಾನಿಕಲ್ ಓದಿದವನ ಚಟ, ಮೊದಲು ಅನುಮಾನಗಳನ್ನು ಬೇರೆ ಬೇರೆ ಮಾಡಬೇಕು. ಮ್ಯಾಗಜಿನ್ ತೆಗೆದು, ತೋಟಾದ ಬುಡವನ್ನು ಕೈಯಿಂದಲೇ ಬೋಲ್ಟಿನ ಕೊಕ್ಕೆಗೆ ಸಿಕ್ಕಿಸಿ ಒಳಗೆ ತಳ್ಳಿದೆ. ಎಳೆದೆ. ತೋಟಾ ಹಾರಿ ಫ್ರಿಜ್ಜಿಗೆ ಬಡಿಯಿತು.

ಅಂದರೆ ಕೊಕ್ಕೆ ಸರಿಯಿದೆ. ಮ್ಯಾಗಜಿನ್ನೇ ತೋಟಾವನ್ನು ಬೇಗ ಬಿಟ್ಟುಕೊಡುತ್ತಿದೆ. ಕೊಕ್ಕೆ ಹಿಡಿಯುವ ಮೊದಲೇ ಅದು ಮುಂದಕ್ಕೆ ಜಿಗಿಯುತ್ತದೆ. ಮತ್ತೆ ಎಳೆಯುವವರು ಯಾರು? ತೊಂದರೆ ಎರಡು, ಕಾರಣ ಒಂದೇ. ಮ್ಯಾಗಜಿನ್ ಬಾಯಿಯ ಪ್ಲಾಸ್ಟಿಕ್ ಅಂಚುಗಳು ಅಗಲವಾಗಿದ್ದವು.

ನಿಜವಾದ ತಲೆಬಿಸಿ ಶುರುವಾದದ್ದು ಇಲ್ಲಿ. ಪಾರ್ಸೆಲ್ ಬಂದ ದಿನ ಅದೇ ಬಾಯಿಗೆ ಒಂದು ತೋಟಾ ತುರುಕಿ ನೋಡಿದ್ದೆ. ಎಷ್ಟು ಬಿಗಿಯಿತ್ತೆಂದರೆ ಹೆಬ್ಬೆರಳಿನ ಉಗುರು ನೊಂದಿತ್ತು. ಈಗ ಸಲೀಸಾಗಿ ಜಾರುತ್ತಿದೆ. ಪ್ಲಾಸ್ಟಿಕ್ ತಾನಾಗಿ ಬಾಯಿ ಬಿಡುತ್ತದೆಯೇ? ಹಾಗಾದರೆ ಆ ನೋವು ನಾನೇ ಕಲ್ಪಿಸಿಕೊಂಡದ್ದೇ?

ಶುಭಾಗೆ ಹೇಳಿದೆ. ಸ್ಟವ್ ಆರಿಸಿದ್ದೆ ಅಂತಲೂ ಹೀಗೇ ಹೇಳಿದ್ರಿ ಎಂದಳು, ಮೆತ್ತಗೆ. ಆ ಮೆತ್ತಗೆ ಇದೆಯಲ್ಲ, ಅದೇ ಚುಚ್ಚಿದ್ದು. ಮೇಲ್ ಕಳಿಸಲು ಫೋನ್ ತೆಗೆದೆ.

ಆಗ ಅತ್ತೆ ಅಡುಗೆಮನೆಯಿಂದ ಬಂದರು. ಮಗಳ ಮನೆ ನೋಡಲು ಬಂದವರು, ವಿಮಾನ ನಿಂತು ಇಲ್ಲೇ ಉಳಿದಿದ್ದಾರೆ. ಹೊರಗಿನಿಂದ ಬಂದ ಸೊಪ್ಪು, ತರಕಾರಿ, ಚಿಲ್ಲರೆ ಕಾಸು, ಯಾವುದೂ ಅವರ ಬಿಸಿನೀರಿನಿಂದ ತಪ್ಪಿಸಿಕೊಂಡದ್ದಿಲ್ಲ. ನನ್ನ ಕೈಯಲ್ಲಿದ್ದ ಮ್ಯಾಗಜಿನ್ ನೋಡಿದರು.

"ಅಳಿಯಂದ್ರೇ, ಆ ಡಬ್ಬಿ ಒಳಗೆಲ್ಲಾ ಒಣಗಿದೆಯಾ? ಅವತ್ತು ಸೊಪ್ಪಿನ ಪಕ್ಕ ಬಿದ್ದಿತ್ತು. ಕುದಿಯೋ ನೀರಲ್ಲಿ ಹಾಕಿ ತೆಗ್ದಿಟ್ಟೆ."

ಶುಭಾ ನನ್ನನ್ನು ನೋಡಿದಳು. ನಾನು ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ.

ಮತ್ತೆ ನೀರು ಕಾಯಿಸಿ ಕೊಟ್ಟವರೂ ಅತ್ತೆಯೇ. ಮ್ಯಾಗಜಿನ್ ಅದರಲ್ಲಿ ಮುಳುಗಿಸಿ, ಮೆತ್ತಗಾದ ಅಂಚುಗಳನ್ನು ಒಳಕ್ಕೆ ಒತ್ತಿ ಹಿಡಿದು ತಣ್ಣೀರಿಗೆ ಅದ್ದಿದೆ. ತೋಟಾ ತುಂಬಿದೆ. ಉಗುರು ನೊಂದಿತು. ಎಂಥ ಸುಖ!

ಬೋಲ್ಟ್ ತಳ್ಳಿದೆ, ಎಳೆದೆ. ಒಂದಾದ ಮೇಲೊಂದು ತೋಟಾಗಳು ಸೋಫಾ ದಾಟಿ ಹಾರಿದವು. ಸುಗೋಯ್, ಸೂಪರ್ ಎಂದು ಮಗಳು ಆಯಲು ಓಡಿದಳು. ಕಾರ್ಖಾನೆಯಲ್ಲಿ ಎಲ್ಲ ಸರಿಯಿದೆ ಎನ್ನಲು ಮಾಡುವಂತೆ, ಬೆರಳು ತೋರಿಸಿ ಗಟ್ಟಿಯಾಗಿ ಯೋಶಿ ಎಂದೆ.

ಡ್ರಾಫ್ಟ್ ಅಳಿಸಿದೆ. ಸೋಮವಾರ ಮೋರಿ ಸಾನ್‌ರನ್ನು ಹೆಸರು ಹಿಡಿದೇ ಕರೆದು, ತಪಾಸಣೆ ನನಗಿರಲಿ ಎಂದೆ.

ಮನೆಯಲ್ಲಿ ಮರೆಯುವವನೊಬ್ಬ ಇದ್ದಾನೆಂದ ಮೇಲೆ, ಉಳಿದವರು ಏನು ಮಾಡಿದರೆಂದು ಕೇಳುವುದನ್ನೇ ಎಲ್ಲರೂ ಮರೆಯುತ್ತೇವಲ್ಲ, ಅದು ಯಾವ ಜ್ವರದಿಂದ ಬಂದದ್ದು?